ಊರಿನ ಗದ್ದೆಯೂ ಸಾವಯವ ಪ್ರಮಾಣಪತ್ರವೂ

ಜಾದವ್‌ಪುರದ ಅಂಗಡಿಗಳಲ್ಲಿ ‘ಜೈವಿಕ’ ಎಂಬ ಚೀಟಿ ಅಂಟಿಸಿದ ಅಕ್ಕಿ ಬೇಳೆಗಳಿಗೆ ಕೇಳುವ ಬೆಲೆಯನ್ನು ಕಂಡು, ‘ಊರಿನ ನಮ್ಮ ಎರಡೆಕರೆಯನ್ನೂ ಹೀಗೆ ಮಾಡಿಸಿದರೆ ಹೇಗೆ?’ ಎಂದು ನಮ್ಮ ಹೋಟೆಲು ಬಂಧುಗಳೂ ಗುಮಾಸ್ತ ಮಿತ್ರರೂ ನಮ್ಮನ್ನು ವಿಚಾರಿಸುತ್ತಿದ್ದಾರೆ. ವಿಚಾರ ಒಳ್ಳೆಯದೇ. ಆದರೆ ಚೀಟಿಯ ಬೆಲೆಗಿಂತ ಮೊದಲು, ಆ ಚೀಟಿ ಕೈಸೇರುವ ತನಕದ ವರ್ಷಗಳನ್ನು ಎಣಿಸಬೇಕು.

ಇಂದು ಗೊಬ್ಬರದ ಚೀಲ ನಿಲ್ಲಿಸಿದ ಮಾತ್ರಕ್ಕೆ ನಾಳೆಯ ಬೆಳೆ ಸಾವಯವವಾಗುವುದಿಲ್ಲ. ಕೇಂದ್ರ ವಾಣಿಜ್ಯ ಸಚಿವಾಲಯವು 2001ರಲ್ಲಿ ಜಾರಿಗೆ ತಂದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಮೇರೆಗೆ, ಭತ್ತ ಉದ್ದು ಮುಂತಾದ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುನ್ನ 2 ವರ್ಷ, ಅಡಿಕೆ ತೆಂಗುಗಳ ತೋಟಕ್ಕೆ ಕೊಯ್ಲಿಗೆ ಮುನ್ನ 3 ವರ್ಷ ಪರಿವರ್ತನೆಯ ಅವಧಿಯುಂಟು. 2025ರ ಜನವರಿಯಲ್ಲಿ ಪ್ರಕಟವಾದ ಎಂಟನೆಯ ಆವೃತ್ತಿಯು ಕೆಲವು ಷರತ್ತುಗಳೊಡನೆ ಇದನ್ನು ತಗ್ಗಿಸಲು ಅವಕಾಶವಿತ್ತಿದೆಯಾದರೂ, ಯೂರಿಯಾ ಉಂಡು ಬೆಳೆದ ಗದ್ದೆಯವರು ಅದನ್ನು ನೆಚ್ಚಿಕೊಳ್ಳದಿರುವುದು ಲೇಸು.

ಈ ನಡುವಣ ಕಾಲವೇ ಕಷ್ಟದ ಕಾಲ. ರಾಸಾಯನಿಕಕ್ಕೆ ಒಗ್ಗಿದ ನೆಲ ಸೊಪ್ಪಿಗೂ ಹಟ್ಟಿಗೊಬ್ಬರಕ್ಕೂ ಒಡನೆಯೇ ಒಲಿಯದು. ಇಳುವರಿ ತಗ್ಗುವುದು ಸಾಮಾನ್ಯ. ಕಳೆ ಕೀಳುವ ಆಳಿನ ಖರ್ಚು ಏರುವುದು. ಫಸಲನ್ನು ಪೂರ್ಣ ಸಾವಯವವೆಂದು ಮಾರುವಂತಿಲ್ಲವಾದುದರಿಂದ ಬೆಲೆ ಮಾತ್ರ ಏರದು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಒಲೆ ಉರಿಯುತ್ತಲೇ ಇರುತ್ತದೆ, ಗಲ್ಲಾಪೆಟ್ಟಿಗೆ ತುಂಬುವುದಿಲ್ಲ. ಇನ್ನು ಹಟ್ಟಿಗೊಬ್ಬರಕ್ಕೆ ಹಟ್ಟಿಯಲ್ಲಿ ದನವಿರಬೇಕಷ್ಟೆ! ಗಂಡುಮಕ್ಕಳು ಕಲ್ಕತ್ತೆ ಮುಂಬಯಿಗಳ ದಾರಿ ಹಿಡಿದ ಮೇಲೆ ಎಷ್ಟು ಮನೆಗಳ ಹಟ್ಟಿ ಬರಿದಾಗಿದೆಯೆಂಬುದು ವಾಚಕರಿಗೆ ತಿಳಿಯದ ಸಂಗತಿಯಲ್ಲ.

ಸರಕಾರದ ನೆರವು ಇಲ್ಲವೆಂದಲ್ಲ. 2015ರಲ್ಲಿ ಆರಂಭವಾದ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ, ಪರಿಷ್ಕೃತ ದರದಂತೆ, ಹೆಕ್ಟೇರಿಗೆ 3 ವರ್ಷಗಳಲ್ಲಿ 31,500 ರೂಪಾಯಿ. ಅದರಲ್ಲಿ ರೈತನಿಗೆ ನೇರವಾಗಿ ಸಲ್ಲುವುದು 15,000. ಎಕರೆಯ ಲೆಕ್ಕಕ್ಕೆ ಇಳಿಸಿದರೆ ಮೂರು ವರ್ಷಕ್ಕೆ ಸುಮಾರು 6,000 ರೂಪಾಯಿ. ಉಳಿದ ಕೊರತೆಯನ್ನು ತುಂಬುವವರಾರು? ಇಲ್ಲಿಂದ ಹಣ ಕಳುಹಿಸುವ ನಾವೇ.

ನೆರೆಹೊರೆಯ ಪ್ರಶ್ನೆ ಇದಕ್ಕಿಂತ ಜಟಿಲವಾದುದು. ಮೇಲಿನ ಗದ್ದೆಯವನು ಸಿಂಪಡಿಸಿದ ಔಷಧ ಗಾಳಿಯಲ್ಲೋ ನೀರಿನಲ್ಲೋ ನಮ್ಮ ಗದ್ದೆಗೆ ಇಳಿದರೆ ಪ್ರಮಾಣಪತ್ರ ಉಳಿಯದು. ಆದುದರಿಂದಲೇ ಅಂಚಿನಲ್ಲಿ ತಡೆಪಟ್ಟಿ ಬಿಡಬೇಕೆಂಬ ನಿಯಮ. ವಿಷಕ್ಕೆ ಬೇಲಿಯಿಲ್ಲವೆಂಬುದನ್ನು ಕಾಸರಗೋಡಿನ ಕನ್ನಡಿಗರಿಗೆ ಹೇಳಬೇಕಾದುದಿಲ್ಲ. ಅಲ್ಲಿನ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೂ ಸುರಿದ ಎಂಡೋಸಲ್ಫಾನ್ ಪಡ್ರೆಯಂಥ ಊರುಗಳ ತೋಡುಗಳಿಗೂ ಬಾವಿಗಳಿಗೂ ಇಳಿಯಿತು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆದುದು 2011ರಲ್ಲಿ.

ಸಣ್ಣ ಹಿಡುವಳಿಯವರಿಗೆ ಹೊಂದುವ ದಾರಿಯೊಂದಿದೆ. ಕೃಷಿ ಸಚಿವಾಲಯದ ಪಿಜಿಎಸ್ ಪದ್ಧತಿಯಲ್ಲಿ ಕನಿಷ್ಠ ಐವರು ರೈತರು ಗುಂಪು ಕಟ್ಟಿ ಒಬ್ಬರ ಹೊಲವನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಪರಿವರ್ತನೆಯ ಕಾಲದಲ್ಲಿಯೇ ‘ಪಿಜಿಎಸ್ ಗ್ರೀನ್’ ಎಂಬ ಗುರುತು ದೊರೆಯುತ್ತದೆ. ರಫ್ತಿಗೆ ಈ ಪತ್ರ ಸಲ್ಲದು. ನಮ್ಮ ಎರಡೆಕರೆಯ ಭತ್ತವೇನೂ ಹಡಗು ಹತ್ತಬೇಕಾಗಿಲ್ಲ. ಮೇಲಿನ ಗದ್ದೆಯವನನ್ನು ಗುಂಪಿಗೆ ಸೇರಿಸಿಕೊಂಡರೆ ತಡೆಪಟ್ಟಿಯ ತಂಟೆಯೂ ಅರ್ಧ ತೀರಿತು.

ಹಾಗಾದರೂ ನಿರ್ಧಾರ ಜಾದವ್‌ಪುರದಲ್ಲಿ ಆಗತಕ್ಕದ್ದಲ್ಲ. ಬೀಜ ಎಲ್ಲಿಂದ ಬಂತು, ಯಾವ ದಿನ ಏನು ಹಾಕಿದೆ, ಎಷ್ಟು ಕೊಯ್ದೆ ಎಂದು ಬರೆದಿಡುವವನು ಊರಿನಲ್ಲಿರುವ ತಮ್ಮ. ಕೊಳೆರೋಗದ ಮಳೆಯಲ್ಲಿ ಅಡಿಕೆಗೊನೆಗೆ ಮೈಲುತುತ್ತಿನ ದ್ರಾವಣ ಹೊಡೆಯುವುದಕ್ಕೂ ಪ್ರಮಾಣೀಕರಿಸುವವರ ಒಪ್ಪಿಗೆ ಬೇಕು. ಜುಲೈ ತಿಂಗಳಲ್ಲಿ ಒಪ್ಪಿಗೆಗೆ ಕಾಯಬೇಕಾದವನೂ ಅವನೇ. ಅವನು ಒಲ್ಲೆನೆಂದರೆ ಅಣ್ಣನ ಪತ್ರದಿಂದ ಕೆಲಸವಾಗದು. ಒಪ್ಪಿದರೆ, ಮೂರು ವರ್ಷದ ಕೊರತೆಗೆ ತಿಂಗಳಿಗೆ ಇಷ್ಟೆಂದು ಮೊದಲೇ ಮಾತಾಡಿಕೊಳ್ಳಿರಿ. ಇಡೀ ಭೂಮಿಯನ್ನು ಒಮ್ಮೆಗೇ ಇಳಿಸದೆ ಒಂದು ಭಾಗದಿಂದ ತೊಡಗುವುದನ್ನು ನಾವು ಮೆಚ್ಚುತ್ತೇವೆ. ಆದರೆ ಎರಡು ಭಾಗಗಳ ಫಸಲೂ ಲೆಕ್ಕವೂ ಬೆರೆಯಕೂಡದು.

ಅವಧಿಯನ್ನು ಸಾಮಾನ್ಯವಾಗಿ ಎಣಿಸುವುದು ಹೆಸರು ನೋಂದಾಯಿಸಿದಂದಿನಿಂದ. ಆದುದರಿಂದ ಪಹಣಿಯನ್ನೂ, ಹಿಂದಿನ ವರ್ಷಗಳಲ್ಲಿ ಹಾಕಿದ ಗೊಬ್ಬರ ಔಷಧಗಳ ವಿವರವನ್ನೂ ಹಿಡಿದು, ಮುಂಗಾರಿಗೆ ಮುನ್ನವೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬರುವಂತೆ ಮನೆಗೆ ತಿಳಿಸಿರಿ.