ಗೆಡ್ಡೆಯೊಳಗೆ ಗ್ಲೂಕೋಸ್ ಯಾರ ಪಾಲು?

ಪೆಟ್ ಸ್ಕ್ಯಾನ್‌ಗೆ ಮುನ್ನ ಕ್ಯಾನ್ಸರ್ ರೋಗಿಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರಲ್ಲಿರುವುದು ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ, ಗ್ಲೂಕೋಸಿನಂಥ ವಸ್ತು. ಸುಮಾರು ಒಂದು ಗಂಟೆ ಬಿಟ್ಟು ಚಿತ್ರ ತೆಗೆದರೆ ಗೆಡ್ಡೆ ಇರುವ ಜಾಗ ಹೊಳೆಯುತ್ತದೆ. ಗೆಡ್ಡೆಯ ಈ ಗ್ಲೂಕೋಸ್ ಹಸಿವನ್ನು ಬರ್ಲಿನ್ನಿನ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಅಳೆದಿದ್ದರು. ಆಮ್ಲಜನಕ ಸಾಕಷ್ಟಿದ್ದರೂ ಕ್ಯಾನ್ಸರ್ ಕೋಶ ಗ್ಲೂಕೋಸನ್ನು ಪೂರ್ತಿ ಉರಿಸುವುದಿಲ್ಲ. ಅರ್ಧಕ್ಕೇ ಮುರಿದು ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುತ್ತದೆ. ಹೀಗೆ ಒಂದು ಗ್ಲೂಕೋಸ್ ಅಣುವಿನಿಂದ ಸಿಗುವುದು ಕೋಶಕ್ಕೆ ಶಕ್ತಿ ಕೊಡುವ ಎಟಿಪಿಯ 2 ಅಣುಗಳು ಮಾತ್ರ. ಪೂರ್ತಿ ಉರಿಸಿದರೆ 30ರ ಆಸುಪಾಸು ಸಿಗುತ್ತಿತ್ತು. ಆದರೆ ಬೇಗಬೇಗ ಇಬ್ಭಾಗವಾಗುವ ಕೋಶಕ್ಕೆ ಶಕ್ತಿಯೊಂದೇ ಸಾಲದು. ಹೊಸ ಪೊರೆ, ಹೊಸ ಡಿಎನ್‌ಎ ಕಟ್ಟಲು ಕಚ್ಚಾವಸ್ತು ಬೇಕು, ಅದು ಈ ಅಡ್ಡದಾರಿಯಲ್ಲಿ ಧಾರಾಳವಾಗಿ ಸಿಗುತ್ತದೆ.

ಇದೇ ದಾರಿ ಹಿಡಿಯುವ ಇನ್ನೊಂದು ಕೋಶವಿದೆ: ಕ್ಯಾನ್ಸರನ್ನು ಕೊಲ್ಲಲು ಬರುವ ಟಿ ಕೋಶ. ಸುಮ್ಮನಿದ್ದಾಗ ಅದು ಮಿತಾಹಾರಿ. ಶತ್ರುವಿನ ಗುರುತು ಹತ್ತಿದೊಡನೆ ಸಂಖ್ಯೆ ಹೆಚ್ಚಿಸಿಕೊಳ್ಳಲು ಗ್ಲೂಕೋಸನ್ನು ಒಂದೇ ಸಮನೆ ಎಳೆದುಕೊಳ್ಳುತ್ತದೆ. ಕೊಲ್ಲಬೇಕಾದವನಿಗೂ ಸಾಯಬೇಕಾದವನಿಗೂ ಅನ್ನ ಒಂದೇ!

ಗ್ಲೂಕೋಸ್ ಸಿಗದ ಟಿ ಕೋಶ ಏನು ಮಾಡುತ್ತದೆ? ಅಮೆರಿಕದ ಎರಿಕಾ ಪಿಯರ್ಸ್ ಅವರ ತಂಡ ಕಂಡುಕೊಂಡ ಉತ್ತರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಕೋಶ ಬದುಕಿರುತ್ತದೆ, ಆದರೆ ಅದರ ಮುಖ್ಯ ಅಸ್ತ್ರವಾದ ಇಂಟರ್‌ಫೆರಾನ್-ಗ್ಯಾಮಾದ ತಯಾರಿಕೆ ಕುಸಿಯುತ್ತದೆ. ಗ್ಲೂಕೋಸ್ ಒಡೆಯುವ ಸಾಲಿನಲ್ಲಿ ದುಡಿಯಬೇಕಾದ ಜಿಎಪಿಡಿಎಚ್ ಎಂಬ ಕಿಣ್ವ, ಕೆಲಸವಿಲ್ಲದಾಗ ಇಂಟರ್‌ಫೆರಾನಿನ ಸಂದೇಶ ಹೊತ್ತ ಆರ್‌ಎನ್‌ಎಗೆ ಅಂಟಿಕೊಂಡು, ಅದರಿಂದ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ಇದು ಗೊತ್ತಾದದ್ದು 2013ರಲ್ಲಿ. ಗೆಡ್ಡೆ ಗ್ಲೂಕೋಸ್ ಕಬಳಿಸಿ ಟಿ ಕೋಶಗಳನ್ನು ನಿಜಕ್ಕೂ ಹೀಗೆ ದುರ್ಬಲಗೊಳಿಸುತ್ತದೆ ಎಂದು 2015ರಲ್ಲಿ ಇದೇ ತಂಡ ಇಲಿಗಳಲ್ಲಿ ತೋರಿಸಿತು.

ಇಷ್ಟಕ್ಕೇ ನಿಂತಿದ್ದರೆ ಕಥೆ ಸರಳವಾಗಿರುತ್ತಿತ್ತು. 2021ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಇಲಿಗಳ ಗೆಡ್ಡೆಯ ಕೋಶಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ, ಯಾವುದು ಎಷ್ಟು ಗ್ಲೂಕೋಸ್ ಹೀರಿದೆ ಎಂದು ಅಳೆದರು. ತಲಾ ಲೆಕ್ಕದಲ್ಲಿ ಮುಂದಿದ್ದದ್ದು ಕ್ಯಾನ್ಸರ್ ಕೋಶವಲ್ಲ, ಮ್ಯಾಕ್ರೋಫೇಜ್‌ನಂಥ ರಕ್ಷಣಾ ಕೋಶಗಳು. ಕ್ಯಾನ್ಸರ್ ಕೋಶಗಳು ಹೆಚ್ಚಾಗಿ ಹೀರಿದ್ದು ಗ್ಲುಟಮಿನ್ ಎಂಬ ಅಮೈನೊ ಆಮ್ಲವನ್ನು. ಅಂದರೆ ಸ್ಕ್ಯಾನಿನ ಹೊಳಪಿನಲ್ಲಿ ನಮ್ಮ ರಕ್ಷಕರ ಪಾಲೂ ಇದೆ.

ಆದರೆ ಆ ರಕ್ಷಕರೆಲ್ಲ ನಮ್ಮ ಪರವಾಗಿಯೇ ಉಳಿಯುವುದಿಲ್ಲ. ಗೆಡ್ಡೆ ಹೊರಹಾಕಿದ ಲ್ಯಾಕ್ಟಿಕ್ ಆಮ್ಲದ ಪ್ರಭಾವಕ್ಕೆ ಸಿಕ್ಕಿದ ಮ್ಯಾಕ್ರೋಫೇಜ್ ಹೊಸ ರಕ್ತನಾಳ ಬೆಳೆಸುವ ಪ್ರೋಟೀನ್ ಸುರಿಸುತ್ತದೆ. ಟಿ ಕೋಶಕ್ಕೆ ಬೇಕಾದ ಆರ್ಜಿನಿನ್ ಎಂಬ ಅಮೈನೊ ಆಮ್ಲವನ್ನು ಒಡೆದುಹಾಕುತ್ತದೆ. ಕೊಲ್ಲುವ ಟಿ ಕೋಶಗಳು ಆ ಆಮ್ಲದಲ್ಲಿ ಸೊರಗಿದರೆ, ಅವುಗಳಿಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳು ಅದನ್ನೇ ಉಂಡು ಬಾಳುತ್ತವೆ. 2025ರ ವೈದ್ಯಕೀಯ ನೊಬೆಲ್ ಬಂದದ್ದು ಈ ನಿಯಂತ್ರಕ ಕೋಶಗಳ ಕುರಿತ ಸಂಶೋಧನೆಗೇ.

ಈ ಅರಿವನ್ನು ಔಷಧಿಯಾಗಿಸುವುದು ಸುಲಭವಲ್ಲ. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಒಡೆದು ಟಿ ಕೋಶಗಳನ್ನು ಕುಗ್ಗಿಸುವ ಕಿಣ್ವವೊಂದನ್ನು ತಡೆಯುವ ಎಪಕಾಡೊಸ್ಟಾಟ್ ಎಂಬ ಔಷಧಿಯ ಮೇಲೆ ದೊಡ್ಡ ನಿರೀಕ್ಷೆಯಿತ್ತು. 2018ರಲ್ಲಿ, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ರೋಗಿಗಳ ಮೇಲಿನ ಮೂರನೇ ಹಂತದ ಪರೀಕ್ಷೆಯಲ್ಲಿ ಅದು ಸೋತಿತು.

‘ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹಸಿದು ಸಾಯುತ್ತದೆ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಲೇ ಇರುತ್ತದೆ. ಆದರೆ ಅನ್ನ, ಹಣ್ಣು ಬಿಟ್ಟರೂ ಯಕೃತ್ತು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಬೇಕಿದ್ದರೆ ಸ್ನಾಯುವಿನ ಪ್ರೋಟೀನ್ ಕರಗಿಸಿಯಾದರೂ. ಮನೆಯಲ್ಲಿ ಚಿಕಿತ್ಸೆಯಲ್ಲಿರುವವರಿದ್ದರೆ ದಯವಿಟ್ಟು ಅವರನ್ನು ಉಪವಾಸ ಕೆಡವಬೇಡಿ. ಪಥ್ಯದ ವಿಷಯವನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೇ ಕೇಳಿ.