ಗ್ರಂಥಾಲಯಕ್ಕೆ ಪುಸ್ತಕ ಆರಿಸಬೇಕಾದವರು ಯಾರು?

ಕ್ಯಾಲಿಫೋರ್ನಿಯಾದ ಕಡಲತೀರದ ನಗರ ಹಂಟಿಂಗ್ಟನ್ ಬೀಚ್‌ನ ನಗರಸಭೆ 2023ರ ಅಕ್ಟೋಬರ್‌ನಲ್ಲಿ ಒಂದು ನಿರ್ಣಯ ಅಂಗೀಕರಿಸಿತು. ಲೈಂಗಿಕ ವಿಷಯಗಳಿರುವ ಪುಸ್ತಕಗಳು ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳಿಗೆ ಸಿಗಬಾರದು, ಮಕ್ಕಳ ಪುಸ್ತಕಗಳನ್ನು ಪರಿಶೀಲಿಸಲು 21 ಮಂದಿಯವರೆಗಿನ ಮಂಡಳಿ ಇರಬೇಕು ಎಂಬುದು ಅದರ ಸಾರ. ಮಂಡಳಿಗೆ ಜನರನ್ನು ನೇಮಿಸಬೇಕಿದ್ದವರು ನಗರಸಭೆಯ ಏಳು ಸದಸ್ಯರೇ. ಹರೆಯದಲ್ಲಿ ಮೈಯಲ್ಲಾಗುವ ಬದಲಾವಣೆಗಳನ್ನು ತಿಳಿಸುವ ಪುಸ್ತಕಗಳೂ ಮಕ್ಕಳ ವಿಭಾಗದಿಂದ ಎತ್ತಂಗಡಿಯಾದವು. ಕೆಲವೇ ತಿಂಗಳಲ್ಲಿ, 2024ರಲ್ಲಿ, ಇದೇ ನಗರಸಭೆ ಗ್ರಂಥಾಲಯದ ನಿರ್ವಹಣೆಯನ್ನೇ ಖಾಸಗಿಯವರಿಗೆ ಗುತ್ತಿಗೆ ಕೊಡುವ ಯೋಚನೆಗೆ ಇಳಿಯಿತು. ಒಂದು ನೀತಿಯ ಮಾತು, ಇನ್ನೊಂದು ಖರ್ಚಿನ ಮಾತು ಎಂದು ಇವೆರಡನ್ನು ಬೇರೆಬೇರೆಯಾಗಿ ನೋಡುವುದು ತಪ್ಪು. ವೃತ್ತಿ ಕಲಿತ, ಸಾರ್ವಜನಿಕರಿಗೆ ಉತ್ತರ ಕೊಡಬೇಕಾದ ಗ್ರಂಥಪಾಲಕರಿಂದ ಆಯ್ಕೆಯ ಅಧಿಕಾರವನ್ನು ಕಿತ್ತುಕೊಳ್ಳುವ ಎರಡು ದಾರಿಗಳಿವು. ಗುತ್ತಿಗೆ ನವೀಕರಣಕ್ಕಾಗಿ ನಗರಸಭೆಯ ಮುಖ ನೋಡಬೇಕಾದ ಕಂಪನಿ, ಆ ನಗರಸಭೆಗೆ ಬೇಡವಾದ ಪುಸ್ತಕದ ಪರವಾಗಿ ನಿಲ್ಲುತ್ತದೆಂದು ನಂಬುವುದು ಹೇಗೆ?

ಖಾಸಗಿಯವರಿಂದ ಹಣ ಉಳಿಯುತ್ತದೆ ಎಂಬ ವಾದವನ್ನು ತಳ್ಳಿಹಾಕಬೇಕಿಲ್ಲ. ಆರೆಗನ್ ರಾಜ್ಯದ ಜಾಕ್ಸನ್ ಕೌಂಟಿಯಲ್ಲಿ 2007ರಲ್ಲಿ ದುಡ್ಡಿಲ್ಲದೆ ಗ್ರಂಥಾಲಯಗಳೆಲ್ಲ ಬಾಗಿಲು ಹಾಕಿದ್ದವು. ಅದೇ ವರ್ಷ ಅವು ಮತ್ತೆ ತೆರೆದದ್ದು ಖಾಸಗಿ ನಿರ್ವಹಣೆಯಲ್ಲಿ. ಓದುಗರಿಗೆ ಅದು ಸಣ್ಣ ಲಾಭವಲ್ಲ. ಆದರೆ ಉಳಿತಾಯ ಬರುವುದು ಎಲ್ಲಿಂದ? ಪುಸ್ತಕದ ಬೆಲೆ, ವಿದ್ಯುತ್ ಬಿಲ್ಲು ಕಂಪನಿಗೂ ಅಷ್ಟೇ. ಕತ್ತರಿ ಬೀಳುವುದು ಹೆಚ್ಚಾಗಿ ಸಿಬ್ಬಂದಿಯ ಸಂಬಳ, ಪಿಂಚಣಿಗೆ, ಅಂದರೆ ಅನುಭವಕ್ಕೆ. ಜಾಕ್ಸನ್ ಕೌಂಟಿಯೂ ಮುಂದೆ ನಿರ್ವಹಣೆಯನ್ನು ಕಂಪನಿಯಿಂದ ಮರಳಿ ಪಡೆಯಿತು.

ಮಕ್ಕಳು ಏನು ಓದಬೇಕೆಂದು ಹೆತ್ತವರು ಹೇಳಬಾರದೇ ಎಂಬ ಪ್ರಶ್ನೆ ಇನ್ನೂ ಗಟ್ಟಿ. ಖಂಡಿತ ಹೇಳಬಹುದು, ತಮ್ಮ ಮಕ್ಕಳಿಗೆ. ಹಂಟಿಂಗ್ಟನ್ ಬೀಚ್‌ನ ಮಂಡಳಿ ಹೇಳಹೊರಟದ್ದು ಊರಿನ ಎಲ್ಲ ಮಕ್ಕಳಿಗೆ. ಜನರೇ ಆರಿಸಿದ ಸದಸ್ಯರಿಗೆ ಆ ಹಕ್ಕೂ ಇದೆ ಎನ್ನುವವರು ಅಲ್ಲಿನ 2025ರ ಜೂನ್‌ನ ವಿಶೇಷ ಮತದಾನವನ್ನು ಗಮನಿಸಬೇಕು. ಆ ನಗರದ ಗ್ರಂಥಾಲಯದ ಗುತ್ತಿಗೆಗೆ ಮುಂದೆ ಬಂದಿದ್ದ ಕಂಪನಿ ಅಷ್ಟರಲ್ಲಿ ಹಿಂದೆ ಸರಿದಿತ್ತು. ಮಂಡಳಿ ರದ್ದಾಗಬೇಕೇ, ಖಾಸಗೀಕರಣಕ್ಕೆ ತಡೆ ಬೇಕೇ ಎಂದು ನೇರವಾಗಿ ಕೇಳಿದಾಗ ಎರಡಕ್ಕೂ ಬಹುಮತದ ಉತ್ತರ ಹೌದು ಎಂದಾಗಿತ್ತು.

ಪುಸ್ತಕ ಆರಿಸುವವರು ಯಾರು ಎಂಬ ಪ್ರಶ್ನೆ ನಮಗೂ ಇದೆ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳು 1965ರ ಗ್ರಂಥಾಲಯ ಕಾಯ್ದೆಯ ಆಸರೆಯಲ್ಲಿ, ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಕಟ್ಟುವ ಕರದ ನೆರವಿನಿಂದ ನಡೆಯುತ್ತವೆ. ಪುಸ್ತಕ ಆಯ್ಕೆ ಸಮಿತಿಯನ್ನು ನೇಮಿಸುವುದು ಸರ್ಕಾರ. ಗ್ರಂಥಾಲಯಗಳ ಸಗಟು ಖರೀದಿಯನ್ನೇ ನೆಚ್ಚಿದ ಕನ್ನಡದ ಸಣ್ಣ ಪ್ರಕಾಶಕರಿಗೆ ಸಮಿತಿಯ ಪಟ್ಟಿಯಲ್ಲಿ ಜಾಗ ತಪ್ಪಿದರೆ ಮುಂದಿನ ಪುಸ್ತಕ ಅಚ್ಚಾಗುವುದೇ ಕಷ್ಟ. ಪುಸ್ತಕವನ್ನು ತಡೆಯಲು ನಿಷೇಧದ ಆದೇಶವೇ ಬೇಕಿಲ್ಲ. ಆದ್ದರಿಂದ ಯಾವ ಪುಸ್ತಕ ಏಕೆ ಆಯ್ಕೆಯಾಯಿತು, ಯಾವುದು ಏಕೆ ಬಿಟ್ಟುಹೋಯಿತು ಎಂಬ ಕಾರಣಗಳು ಪ್ರತಿವರ್ಷ ಪ್ರಕಟವಾಗಬೇಕು. ಸರ್ಕಾರ ಬದಲಾದ ಮಾತ್ರಕ್ಕೆ ಸಮಿತಿ ಬದಲಾಗಬಾರದು.