ಡಾಕ್ಟರ್ ಕೆಲಸ ಕಲಿತಿದ್ದಾರೆ ಅಂತ ಸಹಿ ಹಾಕೋದು ಯಾರು?

ಇವತ್ತಿನ ಪ್ರಶ್ನೆ: ಎಂ.ಡಿ. ಓದುತ್ತಿರುವ ಡಾಕ್ಟರ್ ಕೆಲಸ ಕಲಿತಿದ್ದಾರಾ ಅಂತ ಅಳೆಯೋದು ಹೇಗೆ?

ನಮ್ಮೂರು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ, ಕಾವೇರಿ ಕಾಡಿನ ಕಡೆ. ಇಲ್ಲಿ ರಾತ್ರಿ ಹೊಲದಲ್ಲಿ ಹಾವು ಕಚ್ಚಿದರೆ ಕನಕಪುರಕ್ಕೆ ಓಡಬೇಕು, ಆಗಲಿಲ್ಲ ಅಂದ್ರೆ ರಾಮನಗರ ಅಥವಾ ಬೆಂಗಳೂರು. ದೊಡ್ಡಾಸ್ಪತ್ರೆಯಲ್ಲಿ ಮೊದಲು ನೋಡೋದು ಎಷ್ಟೋ ಸಲ ಇನ್ನೂ ಕಲಿಯುತ್ತಿರುವ ರೆಸಿಡೆಂಟ್ ಡಾಕ್ಟರ್.

2020ರಲ್ಲಿ ಒಂದು ನಿಯಮ ಬಂತು: ಡಿಸ್ಟ್ರಿಕ್ಟ್ ರೆಸಿಡೆನ್ಸಿ ಪ್ರೋಗ್ರಾಮ್. ಎಂ.ಡಿ., ಎಂ.ಎಸ್. ಮಾಡುವವರು 3, 4 ಅಥವಾ 5ನೇ ಸೆಮಿಸ್ಟರ್‌ನಲ್ಲಿ 3 ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ವ್ಯವಸ್ಥೆಯಲ್ಲಿ ಕೆಲಸ ಮಾಡಲೇಬೇಕು. ಅದನ್ನು ತೃಪ್ತಿಕರವಾಗಿ ಮುಗಿಸದೆ ಫೈನಲ್ ಪರೀಕ್ಷೆಗೆ ಕೂರೋ ಹಾಗಿಲ್ಲ.

'ತೃಪ್ತಿಕರ' ಅಂತ ಗೊತ್ತಾಗೋದು ಹೇಗೆ? ರೆಸಿಡೆಂಟ್ ಹತ್ತಿರ ಲಾಗ್‌ಬುಕ್ ಇರುತ್ತೆ. ಯಾವ ಕೇಸ್ ನೋಡಿದೆ, ಯಾವುದಕ್ಕೆ ಸಹಾಯ ಮಾಡಿದೆ, ಯಾವುದನ್ನು ನಾನೇ ಮಾಡಿದೆ ಅಂತ ಬರೆಯಬೇಕು, ಹಿರಿಯರು ಸಹಿ ಹಾಕಬೇಕು. ಆದರೆ ಲಾಗ್‌ಬುಕ್ ಹೇಳೋದು ಎಷ್ಟು ಸಲ ಮಾಡಿದರು ಅಂತ. ಎಷ್ಟು ಚೆನ್ನಾಗಿ ಮಾಡಿದರು ಅನ್ನೋದಕ್ಕೆ ಪಕ್ಕದಲ್ಲಿ ನಿಂತು ನೋಡಬೇಕು.

ಹಾವು ಕಡಿತವನ್ನೇ ತಗೊಳ್ಳಿ. ರಕ್ತ ಹೆಪ್ಪುಗಟ್ಟುತ್ತಾ ಅಂತ ನೋಡೋಕೆ 20 ನಿಮಿಷದ ಟೆಸ್ಟ್ ಇದೆ. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬ್‌ನಲ್ಲಿ ರಕ್ತ ಹಾಕಿ ಅಲುಗಾಡಿಸದೆ ಇಡಬೇಕು. ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ ಫಲಿತಾಂಶ ತಪ್ಪಾಗಬಹುದು. ವಿಷನಿರೋಧಕ ಔಷಧಿ ಶುರು ಮಾಡೋ ಮುಂಚೆ ಅಡ್ರಿನಲಿನ್ ರೆಡಿ ಇರಬೇಕು, ಯಾಕಂದ್ರೆ ಅಲರ್ಜಿ ಆಗಬಹುದು. ಲಾಗ್‌ಬುಕ್‌ನಲ್ಲಿ 'ಹಾವು ಕಡಿತ, 1 ಕೇಸ್' ಅಂತ ಬರೆದರೆ ಇದ್ಯಾವುದೂ ಕಾಣಲ್ಲ.

ಅದಕ್ಕೇ ವೈದ್ಯಕೀಯ ಶಿಕ್ಷಣದಲ್ಲಿ 'ಮಿನಿ-ಸಿಇಎಕ್ಸ್' ಅನ್ನೋ ಪದ್ಧತಿ ಇದೆ. ಹಿರಿಯರು 15–20 ನಿಮಿಷ ರೆಸಿಡೆಂಟ್ ರೋಗಿಯನ್ನು ನೋಡೋದನ್ನು ಗಮನಿಸಿ, ಅಲ್ಲೇ ಹೇಳ್ತಾರೆ: ಇದು ಸರಿ, ಇದನ್ನು ತಿದ್ದಿಕೋ. ಇನ್ನೊಂದು ಅಳತೆಗೋಲು ನಂಬಿಕೆ. ಈ ಕೆಲಸವನ್ನು ಇವರಿಗೆ ಪಕ್ಕದಲ್ಲಿ ನಿಂತು ಕೊಡಬೇಕಾ, ಫೋನ್‌ನಲ್ಲಿ ಸಿಕ್ಕರೆ ಸಾಕಾ, ಒಬ್ಬರಿಗೇ ಬಿಡಬಹುದಾ?

ನಾನು ಬಿ.ಕಾಂ. ಓದಿದವನು, ನನಗಿದು ಆಡಿಟ್ ಥರ ಕಾಣುತ್ತೆ. ವರ್ಷದ ಕೊನೆಗೆ ಒಟ್ಟಿಗೆ ವೋಚರ್‌ಗಳಿಗೆ ಸಹಿ ಹಾಕಿದರೆ ಲೆಕ್ಕ ಕೂಡುತ್ತೆ, ತಪ್ಪು ಮಾತ್ರ ಅಲ್ಲೇ ಉಳಿಯುತ್ತೆ. 3 ತಿಂಗಳ ಸಹಿ ಕೊನೇ ದಿನ ಒಂದೇ ಸಲ ಬಿದ್ದರೂ ಅಷ್ಟೇ.

ಆಸ್ಪತ್ರೆಗೆ ಹೋದಾಗ ಕೇಳೋಕೆ ಹಿಂಜರಿಯಬೇಡಿ: 'ಡಾಕ್ಟ್ರೇ, ಸೀನಿಯರ್‌ಗೆ ತಿಳಿಸಿದ್ದೀರಾ?' ಇದು ಅವಮಾನ ಅಲ್ಲ, ನಿಮ್ಮ ಹಕ್ಕು.